ಅಡಿಕೆಗೆ ಇರುವ ಕಾಳಜಿ ಕೊನೆಗೌಡನ ಕಣ್ಣಿಗೂ ಇರಲಿ

ಮಳೆಗಾಲ ಹಿಡಿಯುವ ಹೊತ್ತಿಗೆ ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ಕೊಳೆರೋಗದ ಔಷಧಿಯ ಗಡಿಬಿಡಿ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಡ್ರಮ್ಮಿನಲ್ಲಿ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಮುಟ್ಟಿಸುವಂತಿಲ್ಲ. ಹದ ನೋಡಲು ಚಾಕು ಅದ್ದುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಹಾಗೆಯೇ ಹೊಡೆದರೆ ಎಳೆಗಾಯಿ ಸುಟ್ಟೀತು. ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತದವರು ಇದನ್ನೆಲ್ಲ ಕಣ್ಣಳತೆಯಲ್ಲಿ ಮಾಡುತ್ತಾರೆ. ಈ ಕಸುಬುದಾರಿಕೆಯ ಬಗ್ಗೆ ನನಗೆ ನಿಜವಾದ ಗೌರವವಿದೆ.

ಆದರೆ ಇಷ್ಟೂ ಎಚ್ಚರ ಅಡಿಕೆಗಾಗಿ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗಾಗಲಿ, ಕೆಳಗೆ ಡ್ರಮ್ಮು ಕದಡುವವನಿಗಾಗಲಿ ಇದರಲ್ಲಿ ಕಾಲು ಪಾಲೂ ಸಲ್ಲುವುದಿಲ್ಲ.

ನಾನು ಶಿರಸಿ ಕಡೆಯವನು, ಈಗ ಇರುವುದು ಜರ್ಮನಿಯ ಲುಡ್ವಿಗ್ಸ್‌ಹಾಫೆನ್‌ನಲ್ಲಿ, ಅನ್ನ ಕೊಡುತ್ತಿರುವುದು ರಾಸಾಯನಿಕಗಳ ಕೆಲಸವೇ. ಈ ಊರಿನಾಚೆ ಶುರುವಾಗುವುದು ದ್ರಾಕ್ಷಿ ತೋಟಗಳು. ನಮ್ಮ ಈ ತುತ್ತ-ಸುಣ್ಣದ ಔಷಧಿ, ಅಂದರೆ ಬೋರ್ಡೋ ದ್ರಾವಣ, ಹುಟ್ಟಿದ್ದೇ 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಇಲ್ಲಿನವರೂ ಇಂದಿಗೂ ತಾಮ್ರದ ಔಷಧಿ ಹೊಡೆಯುತ್ತಾರೆ, ಆದರೆ ಹೊಡೆಯುವವನ ಬಳಿ ಅದಕ್ಕೆಂದೇ ಪರೀಕ್ಷೆ ಪಾಸಾದ ಪ್ರಮಾಣಪತ್ರ ಇರಬೇಕು, ಮೂರು ವರ್ಷಕ್ಕೊಮ್ಮೆ ಮತ್ತೆ ತರಬೇತಿಗೆ ಕೂರಬೇಕು. ನಮ್ಮ ಕೆಲಸದ ಜಾಗದಲ್ಲಂತೂ ಹೊಸಬನೊಬ್ಬ ಡಬ್ಬಿ ಮುಟ್ಟುವ ಮೊದಲು ಅದರಲ್ಲಿ ಏನಿದೆ, ಮೈಮೇಲೆ ಬಿದ್ದರೆ ಏನು ಮಾಡಬೇಕು ಎಂದು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಲೇಬೇಕು. ಕಾನೂನಿನ ಮಾತು ಇದು, ಯಜಮಾನನ ದೊಡ್ಡತನದ ಪ್ರಶ್ನೆಯಲ್ಲ. ವರ್ಷಕ್ಕೊಮ್ಮೆ ಅದನ್ನೇ ಮತ್ತೆ ಹೇಳುತ್ತಾರೆ, ಹೇಳಿದ್ದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ.

ಇಲ್ಲಿ ಮೈಲುತುತ್ತದ ಡಬ್ಬಿಯ ಮೇಲೆ ಕೆಂಪು ಅಂಚಿನ ಚೌಕಗಳಿರುತ್ತವೆ. ಒಂದರಲ್ಲಿ ಕೈಯನ್ನು ತಿನ್ನುತ್ತಿರುವ ದ್ರವ, ಇನ್ನೊಂದರಲ್ಲಿ ಸತ್ತ ಮೀನು. ಮೊದಲನೆಯದು ಕಣ್ಣಿಗಾಗುವ ಗಂಭೀರ ಹಾನಿಯ ಸೂಚನೆ. ಸುಣ್ಣದ ಚೀಲದ ಮೇಲೂ ಅದೇ ಚಿತ್ರ. ಊರಿನಲ್ಲಿ ಹೇಳಿದರೆ ನಂಬುವುದಿಲ್ಲ. ದಿನಾ ಕವಳದ ಎಲೆಗೆ ಹಚ್ಚಿ ಬಾಯಿಗಿಟ್ಟುಕೊಳ್ಳುವ ಸುಣ್ಣ ಕಣ್ಣು ಕಳೆದೀತು ಎಂದರೆ ಯಾರಿಗೆ ತಾನೇ ಅನಿಸೀತು? ಆದರೆ ಸುಣ್ಣದಂಥ ಕ್ಷಾರ ಕಣ್ಣಿಗೆ ಬಿದ್ದರೆ ಮೇಲ್ಪದರದಲ್ಲೇ ನಿಲ್ಲದೆ ಒಳಗೊಳಗೆ ಇಳಿಯುತ್ತ ಹೋಗುತ್ತದೆ. ಬಹುಪಾಲು ಆಮ್ಲಗಳಿಗಿಂತ ಅದರ ಗಾಯವೇ ಕೆಟ್ಟದ್ದು. ಸುಡುಸುಣ್ಣ ಅರಳುವಾಗ ನೀರು ಕುದಿದು ಸಿಡಿಯುತ್ತದೆ, ಆಗ ಮುಖ ಡ್ರಮ್ಮಿನ ಮೇಲೆ ಬಾಗಿರುತ್ತದೆ.

ಮರದ ಮೇಲಿನವನ ಪಾಡು ಇನ್ನೊಂದು. ಅಡಿಕೆಗೊನೆಗೆ ಬಡಿದ ಔಷಧಿ ತಿರುಗಿ ಅವನ ಮುಖಕ್ಕೇ ತೊಟ್ಟಿಕ್ಕುತ್ತದೆ. ನೆಲದ ಮೇಲೆ ನಿಂತೇ ಔಷಧಿ ಹೊಡೆಯುವ ಉದ್ದನೆಯ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಎಷ್ಟೋ ಕಡೆ ಹತ್ತುವ ಅಪಾಯ ತಪ್ಪಿತು, ಬಹಳ ಒಳ್ಳೆಯದಾಯಿತು. ಆದರೆ ದೋಟಿ ಹಿಡಿದವನು ಇಡೀ ದಿನ ಮೇಲೆ ನೋಡುತ್ತಲೇ ನಿಲ್ಲಬೇಕು. ಮಂಜಿನಂತೆ ಇಳಿಯುವುದು ಉಸಿರಿಗೂ ಹೋಗುತ್ತದೆ. ವರ್ಷಗಟ್ಟಲೆ ಬೋರ್ಡೋ ಹೊಡೆದ ದ್ರಾಕ್ಷಿ ತೋಟದ ಕೆಲಸಗಾರರಿಗೆ ಬರುವ ಶ್ವಾಸಕೋಶದ ಕಾಯಿಲೆಯನ್ನು ಪೋರ್ಚುಗಲ್‌ನ ವೈದ್ಯರು 1969ರಲ್ಲೇ ದಾಖಲಿಸಿದ್ದಾರೆ. ಕರಾವಳಿಯ ಐಸ್ ಫ್ಯಾಕ್ಟರಿಗಳಲ್ಲಿ ಅಮೋನಿಯ ಸೋರಿದರೆ ಮೂಗೇ ಹೇಳಿಬಿಡುತ್ತದೆ, ಓಡಬಹುದು. ತುತ್ತ ಹಾಗೆ ಹೇಳುವುದಿಲ್ಲ. ನೀಲಿಯಾದ ಕೈಯಲ್ಲೇ ಕವಳ ಕಟ್ಟುತ್ತಾರೆ, ಆ ಕೈಯಲ್ಲೇ ಚಹಾದ ಲೋಟ ಹಿಡಿಯುತ್ತಾರೆ. ಕೇಳಿದರೆ, "ಎಂತ ಆಗ್ತದೆ ಹೆಗಡೇರೆ, ವರ್ಷಾ ಹೊಡೆಯೂದೇ ಅಲ್ವಾ" ಎಂಬ ಉತ್ತರ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಔಷಧಿ ಸಿಂಪಡಿಸುವವರಿಗೂ ರಕ್ಷಣೆಯ ಉಡುಪು ಇರಬೇಕೆಂದು 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಭೋಪಾಲ್ ಅನಿಲ ದುರಂತ ಆದ ಮೇಲೆ, 1987ರಲ್ಲಿ, ಅಪಾಯದ ಮಾಹಿತಿಯನ್ನು ಕಾರ್ಮಿಕರಿಗೆ ಕೊಡಬೇಕೆಂದು ಕಾರ್ಖಾನೆ ಕಾಯ್ದೆಗೂ ತಿದ್ದುಪಡಿ ಬಂತು. ಅದು ಕಾರ್ಖಾನೆಗೆ. ತೋಟವೂ ಕೆಲಸದ ಜಾಗವೇ ಎಂದು ನಾವೇ ಎಣಿಸದಿದ್ದರೆ ಯಾವ ಇನ್‌ಸ್ಪೆಕ್ಟರ್ ಬೆಟ್ಟ ಇಳಿದು ಬಂದಾನು?

ಹಾಗೆಂದು ಜರ್ಮನಿಯದನ್ನೆಲ್ಲ ಹೊತ್ತು ತರಬೇಕೆಂದು ನಾನು ಹೇಳುತ್ತಿಲ್ಲ. ಇಲ್ಲಿ ಟ್ರ್ಯಾಕ್ಟರಿನ ಮುಚ್ಚಿದ ಕ್ಯಾಬಿನ್‌ನಲ್ಲಿ ಕೂತು ಔಷಧಿ ಹೊಡೆಯಬಹುದು, ಅಡಿಕೆ ಮರಕ್ಕೆ ಅದು ನಡೆಯದು. ಮಲೆನಾಡಿನ ಸೆಕೆಯಲ್ಲಿ ಮೈತುಂಬ ಪ್ಲಾಸ್ಟಿಕ್ ಅಂಗಿ ತೊಡಿಸಿದರೆ ಮನುಷ್ಯ ತಲೆ ತಿರುಗಿ ಬಿದ್ದಾನು. ಜಾರುವ ಗ್ಲೌಸು ಹಾಕಿ ಮರ ಹತ್ತು ಎನ್ನುವುದು ಕೊಲ್ಲುವ ಸಲಹೆ. ಆದರೆ ಕೆಳಗೆ ಕದಡುವವನಿಗೆ ಕನ್ನಡಕ ಮತ್ತು ರಬ್ಬರ್ ಗ್ಲೌಸು, ದೋಟಿಯವನಿಗೆ ಅಂಚಿನ ಟೊಪ್ಪಿಗೆ, ಮುಖದ ಮುಂದೆ ಇಳಿಬಿಡುವ ಪಾರದರ್ಶಕ ಹಾಳೆ ಮತ್ತು ಒಳ್ಳೆಯ ಮಾಸ್ಕು ಕೊಡಲು ಏನು ಅಡ್ಡಿ? ಪಕ್ಕದಲ್ಲೇ ಒಂದು ಕೊಡ ಶುದ್ಧ ನೀರು, ಒಂದು ಚೆಂಬು ಇರಲಿ. ಕಣ್ಣಿಗೆ ಬಿದ್ದರೆ ಉಜ್ಜದೆ, ರೆಪ್ಪೆ ಬಿಡಿಸಿ ಕನಿಷ್ಠ 15 ನಿಮಿಷ ನೀರು ಬಿಡುತ್ತಲೇ ಇರಬೇಕು, ಕೊಡ ಮುಗಿದರೆ ಇನ್ನೊಂದು ತರಬೇಕು, ಆಮೇಲೆ ಆಸ್ಪತ್ರೆಗೆ. ಕವಳ, ಊಟ ಎಲ್ಲ ಸೋಪು ಹಾಕಿ ಕೈ ತೊಳೆದ ಮೇಲೆ. ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವುದು ನಿಲ್ಲಬೇಕು, ಆ ಸತ್ತ ಮೀನಿನ ಚಿತ್ರ ಇರುವುದು ಅದಕ್ಕೇ.

ಇದನ್ನು ಒಬ್ಬೊಬ್ಬ ತೋಟಿಗನ ಮನಸ್ಸಿಗೆ ಬಿಡುವ ಬದಲು ನಮ್ಮ ಸಹಕಾರಿ ಸಂಘಗಳು ಕೈಗೆತ್ತಿಕೊಳ್ಳಲಿ. ತುತ್ತದ ಚೀಲ ಹೆಚ್ಚಿನವರ ಮನೆಗೆ ಬರುವುದು ಅಲ್ಲಿಂದಲೇ, ಲೆಕ್ಕ ಬರೆಯುವುದೂ ಅಲ್ಲೇ. ಚೀಲದ ಜೊತೆಗೆ ಕನ್ನಡಕವನ್ನೂ ಗ್ಲೌಸನ್ನೂ ಅದೇ ಲೆಕ್ಕಕ್ಕೆ ಬರೆದು ಕಳಿಸಲಿ. ಔಷಧಿ ಶುರುವಾಗುವ ಮೊದಲು, ಮೇ ತಿಂಗಳಲ್ಲಿ, ಒಂದು ಮಧ್ಯಾಹ್ನ ಕೊನೆಗೌಡರನ್ನೂ ಡ್ರಮ್ಮು ಕದಡುವವರನ್ನೂ ಸಂಘಕ್ಕೆ ಕರೆದು, ಆ ದಿನದ ಪಗಾರ ಕೊಟ್ಟು, ಮಾಡಿ ತೋರಿಸಲಿ. ತೋಟದ ಯಜಮಾನರೂ ಪಕ್ಕದಲ್ಲೇ ಕೂತು ಕೇಳಲಿ.