ಹಾಯೆಕ್ ಮತ್ತು ರಾಲ್ಸ್: ನಿಜಕ್ಕೂ ಎದುರಾಳಿಗಳಾ?

ಪರ: ಹೇಳುವಷ್ಟು ದೂರದವರಲ್ಲ

ಸರ್ಕಾರ ಮಾರುಕಟ್ಟೆಗೆ ಕೈ ಹಾಕಬಾರದು ಅನ್ನುವವರಿಗೆ ಅರ್ಥಶಾಸ್ತ್ರಜ್ಞ ಫ್ರೆಡ್ರಿಕ್ ಹಾಯೆಕ್ ಗುರು. ಕೆಳಗಿರುವವರ ಪಾಲು ಮೊದಲು ನೋಡಿ ಅನ್ನುವವರಿಗೆ ತತ್ವಶಾಸ್ತ್ರಜ್ಞ ಜಾನ್ ರಾಲ್ಸ್. ಇಬ್ಬರನ್ನೂ ಎದುರುಬದುರು ನಿಲ್ಲಿಸೋದು ರೂಢಿ. ಆದರೆ ಸಾಮಾಜಿಕ ನ್ಯಾಯ ಅನ್ನೋದು ಬರೀ ಮರೀಚಿಕೆ ಎಂದು 1976ರಲ್ಲಿ ಪುಸ್ತಕವನ್ನೇ ಬರೆದ ಹಾಯೆಕ್, ಅದರ ಮುನ್ನುಡಿಯಲ್ಲಿ ಏನೆಂದರು ಗೊತ್ತಾ? ರಾಲ್ಸ್ ಜೊತೆ ತನಗಿರುವ ಜಗಳ ವಿಷಯದ್ದಕ್ಕಿಂತ ಮಾತಿನದ್ದೇ ಜಾಸ್ತಿ ಎಂದು.

ಇದು ಸುಮ್ನೆ ಸೌಜನ್ಯಕ್ಕೆ ಅಂದದ್ದಲ್ಲ. ಯಾರ ಮನೆಯಲ್ಲಿ ಹುಟ್ಟುತ್ತೀರಿ, ಎಷ್ಟು ಜಾಣರಾಗಿರುತ್ತೀರಿ ಎಂಬುದು ಗೊತ್ತಿಲ್ಲದೆ ಸಮಾಜದ ನಿಯಮ ಆರಿಸಿ ಎಂದು 1971ರಲ್ಲಿ ರಾಲ್ಸ್ ಹೇಳಿದ್ದರು. ಹಾಯೆಕ್ ಅಳತೆಯೂ ಹತ್ತಿರದ್ದೇ. ಮಕ್ಕಳ ಪಾಲಿಗೆ ಏನು ಬರುತ್ತದೆ ಎಂಬುದು ಚೀಟಿ ಎತ್ತಿ ತೀರ್ಮಾನವಾಗುವುದಾದರೆ, ಅವರನ್ನು ಯಾವ ಸಮಾಜದಲ್ಲಿ ಬಿಡಲು ಮನಸ್ಸು ಬರುತ್ತದೋ ಅದೇ ಒಳ್ಳೆಯ ಸಮಾಜ. ಮಾರುಕಟ್ಟೆಯಲ್ಲಿ ದುಡಿಯಲಾಗದವರಿಗೆ ಸರ್ಕಾರ ಕನಿಷ್ಠ ಆದಾಯ ಕೊಡಲಿ ಎಂದೂ ಅವರು ಒಪ್ಪಿದ್ದರು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು ಇನ್ನೊಂದು. ಯೋಗ್ಯತೆ ಇತ್ತು, ಅದಕ್ಕೇ ದುಡ್ಡು ಮಾಡಿದ ಎಂಬ ಮಾತನ್ನು ಇಬ್ಬರೂ ನಂಬಲಿಲ್ಲ. ಮಾರುಕಟ್ಟೆ ಕೊಡೋದು ಬೇರೆಯವರು ಕಟ್ಟಿದ ಬೆಲೆ, ಬಹುಮಾನವಲ್ಲ ಎಂದರು ಹಾಯೆಕ್. ಜಾಣತನವೂ ಹುಟ್ಟಿನ ಅದೃಷ್ಟವೇ ಎಂದರು ರಾಲ್ಸ್. ಗೆದ್ದವರ ಜಂಬಕ್ಕೆ ಇಬ್ಬರ ಹತ್ತಿರವೂ ಜಾಗವಿಲ್ಲ.

ವಿರೋಧ: ಆ ಅಡಿಟಿಪ್ಪಣಿ ಓದಿ

ಹಾಯೆಕ್ ಬರೆದ ಅದೇ 1976ರ ಪುಸ್ತಕದಲ್ಲಿ ಒಂದು ಅಡಿಟಿಪ್ಪಣಿ ಇದೆ. 1940ರಲ್ಲಿ ಲಂಡನ್‌ಗೆ ಬಾಂಬ್ ಭಯ. ತಮ್ಮ ಪುಟ್ಟ ಮಕ್ಕಳನ್ನು ಹೊರದೇಶದ ಯಾವುದೋ ಕುಟುಂಬಕ್ಕೆ ಒಪ್ಪಿಸುವ ಅವಕಾಶ ಹಾಯೆಕ್‌ಗೆ ಇತ್ತು. ಅರ್ಜೆಂಟೀನಾ, ಸ್ವೀಡನ್, ಅಮೆರಿಕ, ಇವುಗಳಲ್ಲಿ ಯಾವುದು? ಯಾರ ಮನೆ ಸಿಗುತ್ತೋ ಗೊತ್ತಿಲ್ಲ. ಮಕ್ಕಳಿಗೆ ಅಮೆರಿಕವೇ ವಾಸಿ ಅನಿಸಿತು. ಆಮೇಲೆ ಒಂದು ಮಾತು ಸೇರಿಸುತ್ತಾರೆ: ಮಕ್ಕಳು ಬಿಳಿಯರ ಮನೆಗೇ ಹೋಗುತ್ತಾರೆ, ಕಪ್ಪು ಜನರ ಮನೆಗಲ್ಲ ಎಂದುಕೊಂಡೇ ಈ ಲೆಕ್ಕ ಹಾಕಿದ್ದು.

ಬೇಡದ ಚೀಟಿ ಮೊದಲೇ ತೆಗೆದಿಟ್ಟರೆ ಅದೆಂಥ ಚೀಟಿ ಎತ್ತೋದು? ಮುಚ್ಚಿಡದೆ ಬರೆದರಲ್ಲ, ಅದನ್ನು ಮೆಚ್ಚೋಣ. ಆದರೆ ರಾಲ್ಸ್ ಪ್ರಶ್ನೆ ಶುರುವಾಗೋದೇ ಆ ತೆಗೆದಿಟ್ಟ ಚೀಟಿಯಿಂದ. ನಿಮ್ಮ ಬಣ್ಣ ನಿಮಗೇ ಗೊತ್ತಿಲ್ಲದಿದ್ದರೆ ಕಪ್ಪು ಜನರ ಮನೆಯ ಬದುಕು ಹೇಗಿದೆ ಎಂದು ಮೊದಲು ನೋಡುತ್ತೀರಿ, ಅಲ್ವಾ? ಹಾಯೆಕ್ ನೋಡೋದು ಯಾರಿಗಾದರೂ ಸಿಗಬಹುದಾದ ಅವಕಾಶ. ರಾಲ್ಸ್ ನೋಡೋದು ತೀರಾ ಕೆಳಗಿರುವವನ ಪಾಲು.

ಮಾರುಕಟ್ಟೆಯ ಫಲ ಯಾರೂ ಬೇಕೆಂದು ಮಾಡಿದ್ದಲ್ಲ, ಹಾಗಾಗಿ ಅದನ್ನು ಅನ್ಯಾಯ ಅನ್ನೋಕಾಗಲ್ಲ ಎಂಬುದು ಹಾಯೆಕ್ ವಾದ. ಅದರ ನಿಯಮ ಬರೆದವರು ನಾವೇ, ಉತ್ತರವನ್ನೂ ನಾವೇ ಕೊಡಬೇಕು ಎಂಬುದು ರಾಲ್ಸ್ ವಾದ. ಕೊನೆಕೊನೆಗೆ ರಾಲ್ಸ್‌ಗೆ ಬಡವರಿಗೆ ನೆರವು ಕೊಡುವ ಬಂಡವಾಳಶಾಹಿಯೂ ಸಾಲದೆನಿಸಿತು. ಬಂಡವಾಳವೇ ಎಲ್ಲರ ಕೈಯಲ್ಲಿ ಹಂಚಿಹೋಗಿರಬೇಕು ಎಂದರು. ಅಲ್ಲಿಯವರೆಗೆ ಹಾಯೆಕ್ ಜೊತೆಗೆ ಬರುತ್ತಿದ್ದರೆಂದು ಯಾರೂ ಹೇಳಲಾರರು.