ಇಪ್ಪತ್ನಾಲ್ಕು ಡೈಪರ್ ಸರಿ, ಒಗೆಯೋರು ಯಾರು?

ಈಗಷ್ಟೇ ಇನ್ನೊಂದು ವಿಡಿಯೊ ನೋಡಿದೆ. ಹೂವಿನ ಚಿತ್ರದ ಬಟ್ಟೆ ಡೈಪರ್ ಹಾಕ್ಕೊಂಡ ಮುದ್ದು ಮಗು, ಹಿಂದೆ ಕೊಳಲು, ಕೊನೆಗೆ "ಒಳ್ಳೆ ತಾಯಿ ಬಟ್ಟೆಯನ್ನೇ ಆರಿಸ್ತಾಳೆ" ಅನ್ನೋ ಸಾಲು. ಮೂರು ನಿಮಿಷದಲ್ಲಿ ಒಂದು ಸಲವೂ ಬಕೆಟ್ ಕಾಣಲಿಲ್ಲ. ನನಗೆ ಪಿತ್ತ ನೆತ್ತಿಗೇರೋದು ಇಲ್ಲೇ.

ನಾನು ಬಟ್ಟೆ ಡೈಪರ್ ವಿರೋಧಿ ಅಲ್ಲ ಅಂತ ನಿಮಗೆಲ್ಲ ಗೊತ್ತು. ಕೇಳದೇ ಇದ್ದೋರಿಗೂ ಅದರ ಪುರಾಣ ಹೇಳಿ ತಲೆ ತಿಂದವಳು ನಾನು. ಆದ್ರೆ ಇದು ಬಟ್ಟೆಯ ಪ್ರಶ್ನೆ ಅಲ್ಲ ಕಣ್ರೀ, ಒಗೆತದ ಪ್ರಶ್ನೆ.

ಲೆಕ್ಕ ಹಾಕಿ. ಎಳೆಗೂಸಿಗೆ ದಿನಕ್ಕೆ 10–12 ಸಲ ಬದಲಾಯಿಸಬೇಕು. ದಿನ ಬಿಟ್ಟು ದಿನ ಒಗೆದರೂ 24 ಬೇಕು, ಒಗೆದದ್ದು ಒಣಗೋವರೆಗೆ ಇನ್ನೊಂದು ನಾಲ್ಕಾರು. ಒದ್ದೆಯದನ್ನ ನೀರಲ್ಲಿ ನೆನೆಹಾಕಿ ಇಡಬೇಡಿ, ನಾತ ಹೊಡೆಯುತ್ತೆ, ಎಲಾಸ್ಟಿಕ್ಕೂ ಹಾಳು. ಗಾಳಿಯಾಡೋ ಬುಟ್ಟಿ ಸಾಕು. ಬರೀ ಎದೆಹಾಲು ಕುಡಿಯೋ ಮಗುವಿನ ಕಕ್ಕ ನೀರಲ್ಲೇ ಕರಗಿ ಹೋಗುತ್ತೆ. ಗಟ್ಟಿ ಆಹಾರ ಶುರುವಾದ ಮೇಲೆ ಅದನ್ನ ಮೊದಲು ಟಾಯ್ಲೆಟ್ಟಿಗೆ ಉದುರಿಸಲೇಬೇಕು. ವಿಡಿಯೊದಲ್ಲಿ ಈ ದೃಶ್ಯಕ್ಕೆ ಕೊಳಲು ಹೊಂದಲ್ಲ ಅನ್ಸುತ್ತೆ.

ಒಗೆಯುವಾಗ ಮೊದಲು ತಣ್ಣೀರಲ್ಲಿ ಒಂದು ಸುತ್ತು ಜಾಲಿಸಬೇಕು. ಆಮೇಲೆ 60 ಡಿಗ್ರಿ ನೀರಲ್ಲಿ ಪೂರ್ತಿ ಅಳತೆಯ ಪುಡಿ ಹಾಕಿ ಒಗೆದು, ನೊರೆ ಹೋಗೋವರೆಗೆ ಮತ್ತೆ ಜಾಲಿಸಬೇಕು. "ಮಗುವಿನ ಬಟ್ಟೆ, ಸೋಪು ಕಮ್ಮಿ ಇರಲಿ" ಅಂತ ಚಿಟಿಕೆ ಉದುರಿಸೋದೇ ದೊಡ್ಡ ತಪ್ಪು. ಉಚ್ಚೆ ನೂಲಿನೊಳಗೇ ಉಳಿದು, ಕೆಲವೇ ವಾರಕ್ಕೆ ಕಣ್ಣುರಿ ಬರೋಷ್ಟು ಅಮೋನಿಯ ವಾಸನೆ. ಗಡಸು ನೀರಾದ್ರೆ ಇನ್ನೂ ಬೇಗ. ಬಟ್ಟೆ ಮೆತ್ತಗಾಗಲಿ ಅಂತ ಕಂಡೀಷನರ್ ಹಾಕಿದ್ರೋ, ಅದು ನೂಲಿನ ಮೇಲೆ ಪದರ ಕಟ್ಟುತ್ತೆ, ಆಮೇಲೆ ಬಟ್ಟೆ ನೀರನ್ನೇ ಹೀರಲ್ಲ. ಗುಳ್ಳೆಗೆ ಹಚ್ಚೋ ಗಟ್ಟಿ ಮುಲಾಮಿನದೂ ಅದೇ ಕಥೆ, ನಡುವೆ ತೆಳು ಬಟ್ಟೆಯೊಂದು ಇರಲಿ.

ಇಷ್ಟಾದ ಮೇಲೂ "ಸೋರುತ್ತೆ, ಬಟ್ಟೆ ಪ್ರಯೋಜನ ಇಲ್ಲ" ಅಂತಾರೆ. ಹೊಸ ಹತ್ತಿ ಇನ್ಸರ್ಟನ್ನ (ಡೈಪರಿನೊಳಗೆ ಇಡೋ ಹೀರುವ ಪಟ್ಟಿ) ಐದಾರು ಸಲ ಒಗೆಯದೆ ಅದು ಪೂರ್ತಿ ಹೀರೋದೇ ಇಲ್ಲ, ನೂಲಿನ ಸಹಜ ಎಣ್ಣೆ ಹೋಗಬೇಕಲ್ಲ. ಮೈಕ್ರೋಫೈಬರ್, ಅಂದ್ರೆ ಸಿಂಥೆಟಿಕ್ ನೂಲಿನ ಇನ್ಸರ್ಟ್, ಬೇಗ ಹೀರುತ್ತೆ, ಮಗು ಕೂತು ಒತ್ತಿದ್ರೆ ಸ್ಪಂಜಿನ ಹಾಗೆ ಬಿಟ್ಟೂ ಬಿಡುತ್ತೆ. ಅದನ್ನ ನೇರ ಚರ್ಮಕ್ಕೆ ತಾಗಿಸಲೂಬಾರದು, ಒಣಗಿಸಿಬಿಡುತ್ತೆ. ಕಾಲಿನ ಎಲಾಸ್ಟಿಕ್ ತೊಡೆಸಂದಿನಲ್ಲಿ ಕೂರಬೇಕು, ತೊಡೆ ಮೇಲಲ್ಲ. ಬಹಳಷ್ಟು ಸೋರಿಕೆ ಅಲ್ಲೇ. ನೀರು ತಡೆಯೋ ಹೊರಗಿನ ಕವರನ್ನ ಕುದಿಸಿದ್ರೆ, ಇಸ್ತ್ರಿ ಹಾಕಿದ್ರೆ ಪದರ ಬಿಟ್ಕೊಳ್ಳುತ್ತೆ.

"ಅಜ್ಜಿಯರು ಬರೀ ಬಟ್ಟೆಯಲ್ಲೇ ಮಕ್ಕಳನ್ನ ಸಾಕಲಿಲ್ವಾ?" ಸಾಕಿದ್ರು. ಒಗೆದೋರೂ ಅವರೇ. ಅವರಿಗೆ ಬೇರೆ ದಾರಿ ಇತ್ತಾ ಅಂತ ಯಾರಾದ್ರೂ ಕೇಳಿದ್ರಾ?

ಇನ್ನು ಪರಿಸರದ ಮಾತು. ಬ್ರಿಟನ್ನಿನ 2008ರ ಸರ್ಕಾರಿ ಅಧ್ಯಯನದಲ್ಲಿ, ಒಂದು ಮಗುವಿಗೆ ಎರಡೂವರೆ ವರ್ಷಕ್ಕೆ ಬಿಸಾಡೋ ಡೈಪರಿನ ಇಂಗಾಲದ ಲೆಕ್ಕ (ಗಾಳಿಗೆ ಸೇರೋ ಹಸಿರುಮನೆ ಅನಿಲ) ಸುಮಾರು 550 ಕಿಲೊ, ಬಟ್ಟೆಯದು 570. ಹೌದು, ಆ ಲೆಕ್ಕದಲ್ಲಿ ಬಟ್ಟೆಯದೇ ಜಾಸ್ತಿ! ಮೆಷಿನ್ ತುಂಬಾ ಹಾಕಿ ಒಗೆದು, ಹಗ್ಗದ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಬಳಸಿದ್ರೆ 200 ಕಿಲೊ ಇಳಿಯುತ್ತೆ. ನೋಡಿ, ಅಲ್ಲೂ ಕೊನೆಗೆ ಒಗೆತವೇ.

ಒಪ್ಕೊಂಡುಬಿಡ್ತೀನಿ, ರಾತ್ರಿಗೆ ನಾನು ಬಿಸಾಡೋ ಡೈಪರಿನ ಪಕ್ಷವೇ. ಬೈಯೋರು ಬೈಕೊಳ್ಳಿ.

ತಗೋಬೇಕೋ ಬೇಡ್ವೋ ಅಂತಿರೋರು ಒಟ್ಟಿಗೇ 24 ಕೊಳ್ಳಬೇಡಿ. ಆರು ತಗೊಂಡು, ಹಗಲಲ್ಲಿ ಮಾತ್ರ ಹಾಕಿ ಎರಡು ವಾರ ನೋಡಿ. ಆ ಎರಡು ವಾರ ಒಗೆಯೋದು ಮಗುವಿನ ಅಪ್ಪನ ಪಾಲಿಗಿರಲಿ. ಉಳಿದ ಹದಿನೆಂಟು ಬೇಕೋ ಬೇಡವೋ ಅಂತ ಆಮೇಲೆ ಅವರನ್ನೇ ಕೇಳಿ.