ಮನೆಯಲ್ಲುಳಿದ ಲ್ಯೂಟ್

ದೇವರ ಮುಂದೆ ಕಣ್ಣು ಮುಚ್ಚಿ ಕುಳಿತಾಗ ಪಕ್ಕದವರ ಹಾಡು ತುಸು ಶ್ರುತಿ ತಪ್ಪಿದರೂ ಸಾಕು, ನನ್ನ ಮನಸ್ಸು ದೇವರನ್ನು ಅಲ್ಲಿಯೇ ಬಿಟ್ಟು ಆ ಸ್ವರದ ಬೆನ್ನು ಹತ್ತುತ್ತದೆ; ಹಾಡು ಸೊಗಸಾಗಿದ್ದರಂತೂ ದೇವರ ನೆನಪಾಗುವುದು ಮಂಗಳಾರತಿಯ ಹೊತ್ತಿಗೇ. ಹಾಗಾಗಿ ಹದಿನಾರನೆಯ ಶತಮಾನದಲ್ಲಿ ಚರ್ಚನ್ನು ತಿದ್ದಲು ಹೊರಟ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸುಧಾರಕ ಹುಲ್ಡ್ರಿಕ್ ಜ್ವಿಂಗ್ಲಿಯ ಮೇಲೆ ನನಗೊಂದು ಬಗೆಯ ಸಲುಗೆ.

1484ರ ಜನವರಿ 1ರಂದು ಟೊಗೆನ್‌ಬರ್ಗ್ ಕಣಿವೆಯ ವಿಲ್ಡ್‌ಹೌಸ್ ಎಂಬ ಬೆಟ್ಟದೂರಿನಲ್ಲಿ ಅವನು ಹುಟ್ಟಿದ. ತಂದೆ ಊರಿನ ಮುಖ್ಯಸ್ಥ, ತಂದೆಯ ಸೋದರ ಪಾದ್ರಿ. ಓದಿಗೆಂದು ಬರ್ನ್ ನಗರಕ್ಕೆ ಹೋದಾಗ ಹುಡುಗನ ಸಂಗೀತಕ್ಕೆ ಮನಸೋತ ಡೊಮಿನಿಕನ್ ಸಂನ್ಯಾಸಿಗಳು ಅವನನ್ನು ತಮ್ಮ ಮಠಕ್ಕೇ ಸೇರಿಸಿಕೊಳ್ಳಲು ನೋಡಿದರು. ಸುದ್ದಿ ತಿಳಿದ ಹಿರಿಯರು ಒಪ್ಪದೆ ಅವನನ್ನು ಅಲ್ಲಿಂದ ಬಿಡಿಸಿದರು. ಮುಂದೆ ವಿಯೆನ್ನಾದಲ್ಲಿಯೂ ಬಾಸೆಲ್‌ನಲ್ಲಿಯೂ ಓದಿದ. ಲ್ಯೂಟ್ ಎಂಬ ತಂತಿವಾದ್ಯ, ಹಾರ್ಪ್, ಪಿಟೀಲು, ಕೊಳಲು ಎಂದು ಅವನ ಕೈಗೆ ಒಲಿದ ವಾದ್ಯಗಳು ಒಂದೆರಡಲ್ಲ. 1519ರಲ್ಲಿ ಜ್ಯೂರಿಕ್ ನಗರದಲ್ಲಿ ಪಾದ್ರಿಯಾಗಿದ್ದಾಗ ಪ್ಲೇಗಿಗೆ ತುತ್ತಾಗಿ ಬದುಕುಳಿದಾಗಲೂ ಅವನು ಆ ಅನುಭವವನ್ನು ಹಾಡಾಗಿಯೇ ಬರೆದ.

ಇಂಥವನ ಸುಧಾರಣೆಯಲ್ಲಿ ಹಾಡಿಗೆ ಜಾಗವಿರಲಿಲ್ಲ! ಜರ್ಮನಿಯ ಸುಧಾರಕ ಲೂಥರ್ ಚರ್ಚಿನಲ್ಲಿ ಸೇರಿದ ಜನರ ಬಾಯಿಗೆ ಜರ್ಮನ್ ಗೀತೆಗಳನ್ನು ಕೊಡುತ್ತಿದ್ದ ಕಾಲದಲ್ಲೇ, 1525ರಲ್ಲಿ, ಜ್ಯೂರಿಕ್‌ನಲ್ಲಿ ಪ್ರಭುಭೋಜನದ, ಎಂದರೆ ಕ್ರಿಸ್ತನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯ, ಹೊಸ ವಿಧಿ ಹಾಡಿಲ್ಲದೆ ನಡೆಯಿತು. 1527ರಲ್ಲಿ ಗ್ರೋಸ್‌ಮ್ಯೂನ್ಸ್ಟರ್ ಚರ್ಚಿನ ಆರ್ಗನ್ ಅನ್ನೇ ಬಿಚ್ಚಿಹಾಕಲಾಯಿತು. ಪ್ರಾರ್ಥಿಸುವವನು ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಲಿ ಎಂದು ಕ್ರಿಸ್ತನೇ ಹೇಳಿರುವಾಗ, ಅರ್ಥವಾಗದ ಲ್ಯಾಟಿನ್ ಗಾಯನವನ್ನು ಕೂಲಿಗೆ ಹಾಡಿಸುವುದು ಭಕ್ತಿಯಾದೀತೇ ಎಂಬುದು ಅವನ ವಾದ. ನಿಮ್ಮ ಹಾಡುಗಳ ಗದ್ದಲವನ್ನು ನನ್ನಿಂದ ತೊಲಗಿಸಿರಿ ಎಂದ ಪ್ರವಾದಿ ಆಮೋಸನೂ ಅವನ ನೆರವಿಗೆ ಬಂದ. ಹೃದಯದಲ್ಲಿ ಹಾಡಿರಿ ಎಂದು ಪೌಲನು ಬರೆದದ್ದನ್ನು ಅವನು ಅಕ್ಷರಶಃ ಹಿಡಿದ. ಹೃದಯದಲ್ಲಿ ಎಂದ ಮೇಲೆ ಗಂಟಲಿಗೆ ಕೆಲಸವೇನು?

ಈ ಕೊನೆಯ ವಾದ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ, ಹೃದಯ ತುಂಬಿದರೆ ಗಂಟಲು ಸುಮ್ಮನಿರುವುದಿಲ್ಲ. ಆದರೆ ಸಂಗೀತಕ್ಕೆ ಕಿವುಡಾದವನು ಹೂಡಿದ ವಾದವಲ್ಲ ಇದು. ಒಂದು ಸ್ವರ ಮನಸ್ಸನ್ನು ಎಷ್ಟು ದೂರ ಎಳೆದೊಯ್ಯಬಲ್ಲದು ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಯಾರಿದ್ದರು ಎಂದು ನನಗನ್ನಿಸುತ್ತದೆ. ಚರ್ಚಿನ ಹೊರಗೆ ಅವನ ಸಂಗೀತ ನಿಲ್ಲಲೂ ಇಲ್ಲ. 1531ರ ಹೊಸ ವರ್ಷದಂದು ಜ್ಯೂರಿಕ್‌ನಲ್ಲಿ ಅರಿಸ್ಟೊಫನೀಸನ ಗ್ರೀಕ್ ನಾಟಕವಾಡಿದಾಗ ಅದಕ್ಕೆ ಸಂಗೀತ ಕಟ್ಟಿದವನು ಅವನೇ. ಅದೇ ವರ್ಷದ ಅಕ್ಟೋಬರಿನಲ್ಲಿ, ಕ್ಯಾಥೊಲಿಕ್ ಪ್ರಾಂತಗಳೊಡನೆ ನಡೆದ ಕಾಪೆಲ್ ಯುದ್ಧದಲ್ಲಿ ಅವನು ಮಡಿದ. ಜ್ಯೂರಿಕ್‌ನ ಚರ್ಚುಗಳಲ್ಲಿ ಹಾಡು ಮತ್ತೆ ಕೇಳಿದ್ದು 1598ರಲ್ಲಿ.

ವಾದ್ಯ ಬಾರಿಸುವ ಬೋಧಕನೆಂದು ವಿರೋಧಿಗಳು ಹಂಗಿಸಿದಾಗ ಅವನು ಲ್ಯೂಟನ್ನು ಬಚ್ಚಿಡಲಿಲ್ಲ, ಮಕ್ಕಳ ಅಳು ನಿಲ್ಲಿಸಲು ಅದು ಒದಗಿಬರುತ್ತದೆ ಎಂದು ಉತ್ತರ ಕೊಟ್ಟ.